ಗಡಿಯಾಚೆಯ ದಾಳಿ, ಊರೊಳಗಿನ ಠಾಣೆ

ಮಾನ್ಯ ಸಂಪಾದಕರೇ,

ಭಯೋತ್ಪಾದನೆಯನ್ನು ಹತ್ತಿಕ್ಕಲು ಪರದೇಶದ ನೆಲದಲ್ಲಿ ಸೇನೆಯನ್ನು ಬಳಸುವುದೊಂದೇ ದಾರಿ ಎಂಬ ಮಾತು ಪಹಲ್ಗಾಮ್ ದಾಳಿಯ ನಂತರ ನಮ್ಮ ತುಮಕೂರಿನಲ್ಲೂ ಬಲವಾಗಿ ಕೇಳಿಬರುತ್ತಿದೆ. ನೆರೆಯ ದೇಶವೇ ಉಗ್ರರಿಗೆ ಆಶ್ರಯ ಕೊಟ್ಟಾಗ 2025ರ ಮೇ ತಿಂಗಳಿನ ‘ಆಪರೇಷನ್ ಸಿಂಧೂರ’ದಂತಹ ಕ್ರಮ ಅನಿವಾರ್ಯವಾಗಬಹುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2001ರಲ್ಲಿ ಅಫ್ಗಾನಿಸ್ತಾನಕ್ಕೆ ನುಗ್ಗಿದ ಅಮೆರಿಕ ಇಪ್ಪತ್ತು ವರ್ಷ ಹೋರಾಡಿ, 2021ರ ಆಗಸ್ಟ್‌ನಲ್ಲಿ ಹೊರಬೀಳುವಷ್ಟರಲ್ಲಿ ತಾಲಿಬಾನ್ ಮತ್ತೆ ಕಾಬೂಲಿನ ಗದ್ದುಗೆ ಏರಿತ್ತು. 2008ರ ಮುಂಬೈ ದಾಳಿಯಲ್ಲಾದರೋ, ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಮ್ ಓಂಬ್ಳೆ ತಮ್ಮ ಪ್ರಾಣವನ್ನೇ ತೆತ್ತು ದಾಳಿಕೋರ ಕಸಬ್ ಜೀವಂತ ಸೆರೆಸಿಕ್ಕುವಂತೆ ಮಾಡಿದ್ದರಿಂದ, ಸಂಚಿನ ಬೇರು ಗಡಿಯಾಚೆ ಇದೆಯೆಂಬುದಕ್ಕೆ ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷ್ಯ ದೊರೆಯಿತು. ಅದೇ ಪ್ರಕರಣದ ಆರೋಪಿ ತಹವ್ವುರ್ ರಾಣಾನನ್ನು 2025ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಕರೆತಂದದ್ದೂ (ತೀರಾ ತಡವಾಯಿತೆಂಬುದು ಬೇರೆ ಮಾತು) ಹಸ್ತಾಂತರ ಒಪ್ಪಂದದ ಮೂಲಕವೇ. ಬೆಂಗಳೂರಿನ ರಾಮೇಶ್ವರಂ ಕೆಫೆ ಸ್ಫೋಟದ ಆರೋಪಿಗಳನ್ನು ಬಂಗಾಳದವರೆಗೆ ಬೆನ್ನಟ್ಟಿ ಹಿಡಿದದ್ದು ತನಿಖಾಧಿಕಾರಿಗಳ ತಾಳ್ಮೆ.

ಆದ್ದರಿಂದ ರಾಜಧಾನಿಯ ಹೆಬ್ಬಾಗಿಲಲ್ಲಿದ್ದು ಹೆದ್ದಾರಿಗಳು ಕೂಡುವ ನಮ್ಮ ಜಿಲ್ಲೆಯ ಠಾಣೆಗಳಿಗೆ ಸಾಕಷ್ಟು ಸಿಬ್ಬಂದಿಯನ್ನೂ ಸೈಬರ್ ತನಿಖೆಯ ತರಬೇತಿಯನ್ನೂ ಒದಗಿಸಿ, ಬೀಟ್ ಪೊಲೀಸರನ್ನು ಬಂದೋಬಸ್ತಿನ ಕೆಲಸಕ್ಕೆ ಪದೇ ಪದೇ ಎಳೆಯದೆ ಅವರವರ ಬಡಾವಣೆಗಳಲ್ಲೇ ಉಳಿಸಬೇಕೆಂದು ಗೃಹ ಇಲಾಖೆಯನ್ನು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಶಿರಾ ಗೇಟ್, ತುಮಕೂರು