ನಿಮ್ಮ ಪ್ರಯಾಣಿಕರ ಲಾಂಜ್‌ನ ಬದನೆಕಾಯಿ ಡಿಪ್‌ನಲ್ಲಿ ಎಳ್ಳಿತ್ತು, ಮೆನುವಿನಲ್ಲಿ ಇರಲಿಲ್ಲ

ಗೆ,
ವ್ಯವಸ್ಥಾಪಕರು,
ಆಹಾರ ಮತ್ತು ಅತಿಥಿ ಸೇವಾ ವಿಭಾಗ

ವಿಷಯ: ಥೀಮ್ ಪಾರ್ಕಿನೊಳಗಿನ ಲಾಂಜ್‌ನಲ್ಲಿ ತಪ್ಪು ಮಾಹಿತಿಯಿಂದ ಮಗನಿಗೆ ಅಲರ್ಜಿಯಾದ ಬಗ್ಗೆ ಹಾಗೂ ಅಂದಿನ ಇತರ ತೊಂದರೆಗಳ ಬಗ್ಗೆ ದೂರು

ಮಾನ್ಯರೇ,

ಕಳೆದ ಶನಿವಾರ ನಾನು, ನಮ್ಮ ಯಜಮಾನರು, ನನ್ನ ಹನ್ನೊಂದು ವರ್ಷದ ಮಗ ಮತ್ತು ಎಪ್ಪತ್ನಾಲ್ಕು ವರ್ಷದ ನನ್ನ ತಂದೆ ನಿಮ್ಮ ಪಾರ್ಕಿಗೆ ಬಂದಿದ್ದೆವು. ರೈಡ್‌ಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಈ ಪತ್ರ ಪೂರ್ತಿ, ಹಳೆಯ ಕಾಲದ ಪಯಣದ ಅಲಂಕಾರವಿರುವ ನಿಮ್ಮ ‘ಪ್ರಯಾಣಿಕರ ಲಾಂಜ್’ ಹೋಟೆಲಿನಲ್ಲಿ ನಾವು ಕಳೆದ ಮೂರು ಗಂಟೆಯ ಬಗ್ಗೆ. ಅದರಲ್ಲಿ ಊಟ ಮಾಡಿದ್ದು ಹೆಚ್ಚೆಂದರೆ ಹತ್ತು ನಿಮಿಷ.

ದೊಡ್ಡ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಮಗನಿಗೆ ಎಳ್ಳು ಆಗಿಬರುವುದಿಲ್ಲ. ನಾಲ್ಕು ವರ್ಷದವನಿದ್ದಾಗಲೇ ಗೊತ್ತಾದ ಅಲರ್ಜಿ ಇದು. ಹೊರಗೆ ಹೋದಾಗೆಲ್ಲ ಮಾತ್ರೆ, ಅಲರ್ಜಿ ತೀವ್ರವಾದರೆ ಚುಚ್ಚುವ ಎಪಿನೆಫ್ರಿನ್ ಪೆನ್ನು ಎರಡೂ ನನ್ನ ಬ್ಯಾಗಿನಲ್ಲೇ ಇರುತ್ತವೆ. ಹೋಟೆಲಿನಲ್ಲಿ ಕೂತ ಕೂಡಲೇ ನೀರು ಕೇಳುವ ಮೊದಲು ಎಳ್ಳಿನ ವಿಚಾರ ಕೇಳುವುದು ನನಗೆ ಅಭ್ಯಾಸ. ನಿಮ್ಮಲ್ಲೂ ಕೇಳಿದೆ, ಒಂದಲ್ಲ, ಎರಡು ಸಲ.

ನಿಮ್ಮ ಮೆನು ನೋಡಲು ಬಹಳ ಚೆಂದ. ಹಳೆಯ ಪಾಸ್‌ಪೋರ್ಟ್‌ನಂತೆ ಹೊಲಿದಿದ್ದೀರಿ, ಪುಟ ತಿರುವಿದರೆ ವೀಸಾ ಮೊಹರುಗಳು. ಆದರೆ ಯಾವ ತಿಂಡಿಯಲ್ಲಿ ಏನಿದೆ ಎಂದು ತಿಳಿಸುವ ಗುರುತುಗಳನ್ನೂ ಅದೇ ಹುಚ್ಚಿಗೆ ಸೇರಿಸಿದ್ದೀರಿ. ಲಂಗರು ಇದ್ದರೆ ಮೀನು, ಡೇರೆ ಇದ್ದರೆ ಬೀಜಗಳು, ಒಂಟೆ ಇದ್ದರೆ ಎಳ್ಳು. ಈ ಗುರುತುಗಳ ಅರ್ಥ ಕೊನೆಯ ಪುಟದಲ್ಲಿ, ಕಂದು ಕಾಗದದ ಮೇಲೆ ಕಂದು ಅಕ್ಷರದಲ್ಲಿದೆ. ಲಾಂಜ್‌ನಲ್ಲಿ ಇದ್ದದ್ದು ಲಾಟೀನಿನ ಬೆಳಕು. ಮೊಬೈಲ್ ಟಾರ್ಚ್ ಹಾಕಿಕೊಂಡು ಓದಿದೆ. ಪಕ್ಕದ ಟೇಬಲ್‌ನವರೂ ಟಾರ್ಚ್ ಹಾಕಿದ್ದರು. ಗುಹೆಗೆ ಇಳಿದವರಂತೆ ಕಾಣುತ್ತಿದ್ದೆವು.

ನಾವು ತರಿಸಿದ್ದು ಅದ್ದಿಕೊಂಡು ತಿನ್ನುವ ನಾಲ್ಕು ಬಗೆಯ ಡಿಪ್, ಜೊತೆಗೆ ರೊಟ್ಟಿ ಇರುವ ಹಂಚಿ ತಿನ್ನುವ ತಟ್ಟೆ. ಕಾಬೂಲಿ ಕಡಲೆ ಅರೆದು ಮಾಡುವ ಹಮ್ಮಸ್‌ಗೆ ಒಂಟೆಯ ಗುರುತು ಇತ್ತು. ಅದು ಸರಿಯೇ, ಹಮ್ಮಸ್‌ಗೆ ತಹಿನಿ ಹಾಕುತ್ತಾರೆ, ತಹಿನಿ ಅಂದರೆ ಅರೆದ ಎಳ್ಳು. ಹಾಗಾಗಿ ಹಮ್ಮಸ್ ಬೇಡ ಎಂದೆ. ಸುಟ್ಟ ಬದನೆಕಾಯಿ ಡಿಪ್‌ಗೆ ಯಾವ ಪ್ರಾಣಿಯ ಗುರುತೂ ಇರಲಿಲ್ಲ. ಆದರೂ ಅನುಮಾನ ಬಂತು. ಏಕೆಂದರೆ ಆ ಬಗೆಯ ಬದನೆಕಾಯಿ ಡಿಪ್‌ಗೂ ಬಹಳ ಕಡೆ ತಹಿನಿ ಸೇರಿಸುತ್ತಾರೆ. ನಮ್ಮ ಟೇಬಲ್ ನೋಡಿಕೊಳ್ಳುತ್ತಿದ್ದ ಹುಡುಗನನ್ನು ಕೇಳಿದೆ. ಅವನು ಕೈಯಲ್ಲಿದ್ದ ಟ್ಯಾಬ್ ನೋಡಿ, "ಇದರಲ್ಲಿ ಎಳ್ಳು ತೋರಿಸ್ತಿಲ್ಲ ಮೇಡಂ" ಎಂದ. "ಅಡುಗೆಮನೆಯಲ್ಲಿ ಒಂದು ಮಾತು ಕೇಳಿಬಿಡಪ್ಪ" ಎಂದೆ. ಹೋಗಿ ಬಂದು, "ಮೇಲೆ ಸ್ವಲ್ಪ ಉದುರಿಸ್ತಾರಂತೆ, ಅದನ್ನ ತೆಗೆಸಿ ತರ್ತೀನಿ" ಎಂದ. ಉದುರಿಸಿದ ಎಳ್ಳನ್ನು ಚಮಚದಲ್ಲಿ ಕೆರೆದು ತೆಗೆದರೆ ಅಲರ್ಜಿ ಹೋಗುವುದಿಲ್ಲ, ಹೊಸದಾಗಿ ಬೇರೆ ಬಟ್ಟಲಲ್ಲಿ ತರಬೇಕು ಎಂದು ಬಿಡಿಸಿ ಹೇಳಿದೆ. ತಂದ. ಮೇಲೆ ಎಳ್ಳಿರಲಿಲ್ಲ. ಒಳಗಿತ್ತು.

ಮಗ ಎರಡು ತುತ್ತು ತಿಂದ. ಮೂರನೆಯದಕ್ಕೆ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿ ತುಟಿ ಉಜ್ಜಿಕೊಂಡ. "ಅಮ್ಮಾ, ಜುಂ ಅಂತಿದೆ" ಎಂದ. ಆ ಮಾತು ಕೇಳಿದರೆ ನನಗೆ ಕೈಕಾಲು ತಣ್ಣಗಾಗುತ್ತವೆ. ಕಾಲರ್ ಸರಿಸಿ ನೋಡಿದರೆ ಕತ್ತಿನ ಸುತ್ತ ಆಗಲೇ ದದ್ದು. ಟಾರ್ಚ್ ಬೆಳಕಿನಲ್ಲಿ ಮಗುವಿನ ಕತ್ತಿನ ಮೇಲೆ ದದ್ದು ಎಣಿಸುವ ಪರಿಸ್ಥಿತಿ ಯಾವ ತಾಯಿಗೂ ಬೇಡ. ಮಾತ್ರೆ ಕೊಟ್ಟೆ, ಪೆನ್ನಿನ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಉಸಿರಿಗೆ ತೊಂದರೆಯಾಗಲಿಲ್ಲ, ವಾಂತಿಯಾಗಲಿಲ್ಲ, ಹಾಗಾಗಿ ಚುಚ್ಚುವ ಪ್ರಸಂಗ ಬರಲಿಲ್ಲ. ಇಲ್ಲಿ ನಿಮ್ಮ ಪ್ರಥಮ ಚಿಕಿತ್ಸಾ ಕೇಂದ್ರದವರನ್ನು ಹೊಗಳಲೇಬೇಕು. ಐದೇ ನಿಮಿಷದಲ್ಲಿ ಬಂದರು, ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದರು. ಇಂಥ ಅಲರ್ಜಿ ಇಳಿದಂತೆ ಕಂಡು ಕೆಲವು ಗಂಟೆಗಳ ನಂತರ ಮತ್ತೆ ಏರುವುದುಂಟು ಎಂದು ಅವರೇ ಹೇಳಿ ಸಂಜೆಯವರೆಗೆ ಕೂರಿಸಿಕೊಂಡರು.

ಆಮೇಲೆ ಲಾಂಜ್‌ನ ಅಡುಗೆಯವರು ಬಂದು ನಿಜ ಹೇಳಿದರು. ಬದನೆಕಾಯಿ ಡಿಪ್ ನಿಮ್ಮಲ್ಲಿ ತಯಾರಾಗುವುದಿಲ್ಲ, ಡಬ್ಬದಲ್ಲಿ ಬರುತ್ತದೆ. ಡಬ್ಬದ ಮೇಲೆ ‘ತಹಿನಿ’ ಎಂದೇ ಬರೆದಿದೆ. ಆ ಡಬ್ಬದ ಚೀಟಿಯನ್ನು ನಿಮ್ಮ ಟ್ಯಾಬ್‌ಗೆ ಯಾರೂ ಏರಿಸಿಲ್ಲ, ಅಷ್ಟೇ. ಇಡೀ ಅನಾಹುತದ ಮೂಲ ಇದು. ಹುಡುಗನದೇನೂ ತಪ್ಪಿಲ್ಲ. ಕೆಲಸಕ್ಕೆ ಸೇರಿ ಒಂದು ವಾರವಾಗಿತ್ತಂತೆ. ಅವನ ಮುಖ ಮಗನ ಮುಖಕ್ಕಿಂತ ಬಿಳಿಚಿಕೊಂಡಿತ್ತು. ಈ ಪತ್ರದ ನೆಪದಲ್ಲಿ ಅವನ ಸಂಬಳ ಕಡಿತ ಮಾಡಿದಿರೆಂದು ತಿಳಿದರೆ ಇನ್ನೊಂದು ಪತ್ರ ಬರೆಯುತ್ತೇನೆ.

ಎಳ್ಳು ಅಪರೂಪದ ಅಲರ್ಜಿ, ಅದನ್ನೆಲ್ಲ ಹೇಗೆ ನೋಡಿಕೊಳ್ಳುವುದು ಎಂಬ ಉತ್ತರವನ್ನು ದಯವಿಟ್ಟು ಕಳಿಸಬೇಡಿ. ಐರೋಪ್ಯ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ಹೋಟೆಲುಗಳೂ 14 ಅಲರ್ಜಿಕಾರಕಗಳ ಬಗ್ಗೆ ಗಿರಾಕಿಗೆ ಮಾಹಿತಿ ಕೊಡಲೇಬೇಕು, ಆ ಹದಿನಾಲ್ಕರಲ್ಲಿ ಎಳ್ಳೂ ಇದೆ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನು ಒಂಬತ್ತನೆಯ ಪ್ರಮುಖ ಅಲರ್ಜಿಕಾರಕವಾಗಿ ಪ್ಯಾಕೆಟ್ ಮೇಲೆ ನಮೂದಿಸಬೇಕು. ‘ಐದು ಖಂಡಗಳ ರುಚಿ ಒಂದೇ ಸೂರಿನಡಿ’ ಎಂದು ಬಾಗಿಲಲ್ಲೇ ಬೋರ್ಡ್ ಹಾಕಿದವರು ನೀವು. ಐದು ಖಂಡದ ತಿನಿಸು ತರುವವರಿಗೆ ಅವುಗಳೊಳಗೆ ಏನಿದೆ ಎಂಬ ಲೆಕ್ಕವೂ ಇರಬೇಡವೇ?

ಇನ್ನು ನಮ್ಮನ್ನು ಕಾಯಿಸಿದ ವಿಷಯ. ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ ಆ್ಯಪ್‌ನಲ್ಲಿ ಹೆಸರು ಹಚ್ಚಿದೆವು. ‘25 ನಿಮಿಷ’ ಎಂದು ತೋರಿಸಿತು. ಕರೆ ಬಂದು ಹತ್ತು ನಿಮಿಷದೊಳಗೆ ಬಾಗಿಲಲ್ಲಿ ಇರದಿದ್ದರೆ ಟೇಬಲ್ ರದ್ದು ಎಂಬ ಷರತ್ತು ಬೇರೆ, ಹಾಗಾಗಿ ಇನ್ನೊಂದು ರೈಡ್‌ಗೆ ಹೋಗುವಂತಿಲ್ಲ. ಇಪ್ಪತ್ತೈದು ಮುಗಿದ ಮೇಲೆ ‘ಇನ್ನು 5 ನಿಮಿಷ’ ಬಂತು. ಆ ಐದು ನಿಮಿಷ ಮುಂದಿನ ಒಂದು ಗಂಟೆ ಐದೇ ನಿಮಿಷವಾಗಿ ಉಳಿಯಿತು. ಒಳಗೆ ಕರೆದದ್ದು 1 ಗಂಟೆ 32ಕ್ಕೆ.

ನಮ್ಮ ಯಜಮಾನರಿಗೆ ಲೆಕ್ಕದ ಚಟ. ಬಾಗಿಲ ಬಳಿಯ ಹುಡುಗಿಯನ್ನು ಕೇಳಿ ತಿಳಿದುಕೊಂಡರು: ಟೇಬಲ್ 14, ನಮಗಿಂತ ಮುಂದೆ 20 ಗುಂಪು, ಒಂದೊಂದು ಗುಂಪು ಕೂರುವುದು ಸುಮಾರು ಒಂದು ಗಂಟೆ. ಗಂಟೆಗೆ 14 ಟೇಬಲ್ ಖಾಲಿಯಾದರೆ 20 ಗುಂಪು ಕರಗಲು ಸುಮಾರು 86 ನಿಮಿಷ ಬೇಕು. ಟಿಶ್ಯೂ ಕಾಗದದ ಮೇಲೆ ಬರೆದು ನನಗೆ ತೋರಿಸಿದರು, ನಾವು ಒಳಗೆ ಹೋದದ್ದು 82ಕ್ಕೆ. ಸರದಿ ಸಾಲಿನ ಈ ಲೆಕ್ಕಕ್ಕೆ 1961ರಲ್ಲಿ ಜಾನ್ ಲಿಟಲ್ ಎಂಬ ವಿದ್ವಾಂಸರು ಗಣಿತದ ರುಜುವಾತು ಬರೆದಿಟ್ಟಿದ್ದಾರಂತೆ. ಟಿಶ್ಯೂ ಕಾಗದಕ್ಕೆ ಗೊತ್ತಾದದ್ದು ನಿಮ್ಮ ಆ್ಯಪ್‌ಗೆ ಏಕೆ ಗೊತ್ತಾಗುವುದಿಲ್ಲ? ಒಂದೂವರೆ ಗಂಟೆ ಎಂದು ಮೊದಲೇ ಹೇಳಿದ್ದರೆ ಬೇರೆ ಕಡೆ ತಿಂದುಕೊಳ್ಳುತ್ತಿದ್ದೆವು. ಮಗನೂ ಅಷ್ಟು ಹಸಿದು ಆ ಡಿಪ್ ಮೇಲೆ ಬೀಳುತ್ತಿರಲಿಲ್ಲ.

ಕಾಯುವಾಗ ಗೋಡೆ ಓದಿದೆವು. ನಾನು ಶಾಲೆಯಲ್ಲಿ ಭೂಗೋಳ ಪಾಠ ಮಾಡುವವಳು, ನಕಾಶೆ ಕಂಡರೆ ನಿಲ್ಲುತ್ತೇನೆ. ಬಾಗಿಲ ಎಡಗಡೆಯ ಮರದ ಫಲಕದಲ್ಲಿ, ಮೆಗಲನ್ ಎಂಬ ನಾವಿಕ 1522ರಲ್ಲಿ ಭೂಮಿ ಸುತ್ತಿ ಮನೆಗೆ ಮರಳಿದ ಮೊದಲಿಗ ಎಂದು ಕೆತ್ತಿಸಿದ್ದೀರಿ. ಮೆಗಲನ್ 1521ರ ಏಪ್ರಿಲ್‌ನಲ್ಲೇ ಫಿಲಿಪೈನ್ಸ್‌ನ ಮಕ್ತಾನ್ ದ್ವೀಪದ ಕಾಳಗದಲ್ಲಿ ಸತ್ತ. ಅವನ ನಾಯಕತ್ವದಲ್ಲಿ 1519ರಲ್ಲಿ ಹೊರಟ ಐದು ಹಡಗುಗಳಲ್ಲಿ ಪೂರ್ತಿ ಸುತ್ತಿ ಸ್ಪೇನ್ ತಲುಪಿದ್ದು ವಿಕ್ಟೋರಿಯಾ ಒಂದೇ. ಅದನ್ನು ತಂದವನು ಎಲ್ಕಾನೊ ಎಂಬ ನಾವಿಕ, ಜೊತೆಗೆ ಬೆರಳೆಣಿಕೆಯ ಜನ. ಇದನ್ನು ಹೇಳಿದ್ದಕ್ಕೆ ನಮ್ಮಪ್ಪ, "ಪಾಪ, ಸತ್ತ ಮೇಲೂ ಮನೆಗೆ ಬಂದಿದ್ದಾನೆ, ಬಿಡಮ್ಮ" ಎಂದರು. ಅದೇ ನಾವಿಕರು ಪೆಸಿಫಿಕ್ ಮಧ್ಯೆ ಅನ್ನ ನೀರಿಲ್ಲದೆ, ಹಡಗಿನ ಪಟದ ಅಡ್ಡದಿಮ್ಮಿಗೆ ಸುತ್ತಿದ್ದ ಚರ್ಮವನ್ನು ಸಮುದ್ರದಲ್ಲಿ ನೆನೆಸಿ ತಿಂದಿದ್ದರು. ಎಪ್ಪತ್ತನೆಯ ನಿಮಿಷದ ಹೊತ್ತಿಗೆ ನಿಮ್ಮ ಅಲಂಕಾರದ ಚರ್ಮದ ಟ್ರಂಕುಗಳನ್ನು ನಾನೂ ಬೇರೆ ಕಣ್ಣಿನಿಂದ ನೋಡತೊಡಗಿದ್ದೆ.

ಆ ಟ್ರಂಕುಗಳೇ ನಿಮ್ಮ ಟೇಬಲ್ಲುಗಳು. ಮೇಲೆ ಬೆಲ್ಟು, ಹಿತ್ತಾಳೆಯ ಉಬ್ಬು ಮೊಳೆ, ಮೂಲೆಗೆ ಕಬ್ಬಿಣದ ಪಟ್ಟಿ. ಸೂಪಿನ ಬಟ್ಟಲು ಬೆಲ್ಟಿನ ಮೇಲೆ ಕೂತರೆ ವಾಲುತ್ತದೆ, ಮೊಳೆಯ ಮೇಲೆ ಕೂತರೆ ತಿರುಗುತ್ತದೆ. ನಮ್ಮದು ವಾಲಿತು. ಸೋಫಾ ಎಷ್ಟು ತಗ್ಗೆಂದರೆ, ಮಂಡಿ ನೋವಿರುವ ನಮ್ಮಪ್ಪನನ್ನು ಕೂರಿಸಿದ್ದು ಸುಲಭವಾಯಿತು, ಎಬ್ಬಿಸಲು ಇಬ್ಬರು ಬೇಕಾಯಿತು. ಮೊಮ್ಮಗನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗುತ್ತಿದ್ದರೆ ಇವರಿಗೆ ಎದ್ದು ಹಿಂದೆ ಬರಲಾಗಲಿಲ್ಲ. ಆ ಒಂದು ನಿಮಿಷ ಅವರು ಸೋಫಾದ ಅಂಚು ಹಿಡಿದು ಒದ್ದಾಡಿದ್ದನ್ನು ನಾನು ತಿರುಗಿ ನೋಡಿದ್ದೇನೆ. ಇದರ ಬಗ್ಗೆ ಅವರು ಈವರೆಗೆ ಮಾತೆತ್ತಿಲ್ಲ.

ಅಂದು ನಿಮ್ಮ ಮ್ಯಾನೇಜರ್ ಒಂದು ಸಿಹಿತಿಂಡಿಯ ತಟ್ಟೆ, ಸಾಲು ತಪ್ಪಿಸಿ ರೈಡ್ ಹತ್ತುವ ನಾಲ್ಕು ಕೂಪನ್ ತಂದುಕೊಟ್ಟರು. ಮಲಗಿರುವ ಹುಡುಗನ ಪಕ್ಕ ರೋಲರ್ ಕೋಸ್ಟರ್ ಕೂಪನ್ ಇಡುವುದಕ್ಕೆ ಯಾವ ತರಬೇತಿ ಕೊಟ್ಟಿದ್ದೀರೋ ತಿಳಿಯದು. ಕೂಪನ್ ಅಲ್ಲೇ ಬಿಟ್ಟು ಬಂದೆವು. ಮರುದಿನ ಮೇಲ್ ಮಾಡಿದರೆ, ‘ನಿಮ್ಮ ಪಯಣ ಸುಖಕರವಾಗಿತ್ತೆಂದು ನಂಬಿದ್ದೇವೆ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?’ ಎಂಬ ಯಂತ್ರದ ಉತ್ತರ ಬಂತು.

ನನಗೆ ಬೇಕಾದದ್ದು ಇಷ್ಟು. ಲಾಂಜ್‌ಗೆ ಡಬ್ಬದಲ್ಲಿ, ಪ್ಯಾಕೆಟ್‌ನಲ್ಲಿ ಬರುವ ಪ್ರತಿ ಪದಾರ್ಥದ ಚೀಟಿ ನೋಡಿ ಮೆನು ಮತ್ತು ಟ್ಯಾಬ್ ಎರಡನ್ನೂ ಸರಿಪಡಿಸಿ. ಸರಬರಾಜುದಾರರು ಬದಲಾದಾಗಲೆಲ್ಲ ಮತ್ತೆ ನೋಡಿ, ಯಾರು ನೋಡಿದರು ಎಂದು ಸಹಿ ಹಾಕಿಸಿ. ಎಳ್ಳಿದ್ದರೆ ‘ಎಳ್ಳು’ ಎಂದೇ ಅಕ್ಷರದಲ್ಲಿ ಬರೆಯಿರಿ, ಒಂಟೆ ಬೇಡ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದು ಹೇಳಲು ಹುಡುಗರಿಗೆ ಧೈರ್ಯ ಕೊಡಿ, ಆ ಮಾತು ಕೇಳಿ ನಾನು ಎಂದೂ ಸಿಟ್ಟಾಗಿಲ್ಲ. ಬೆನ್ನು ಒರಗುವಂಥ ಸಾಧಾರಣ ಎತ್ತರದ ಕುರ್ಚಿ ಇರುವ ಎರಡು ಟೇಬಲ್ ಹಾಕಿದರೆ ನಿಮ್ಮ ಅಲಂಕಾರಕ್ಕೆ ಧಕ್ಕೆಯಾಗದು. ಆ್ಯಪ್‌ನ ಲೆಕ್ಕ ಸರಿಮಾಡಿ. ಫಲಕವನ್ನೂ. ಆ ಡಿಪ್ ತಟ್ಟೆಯ ಹಣ ಬೇಡ ಎನ್ನುವಷ್ಟು ಉದಾರಿ ನಾನಲ್ಲ, ವಾಪಸ್ ಕೊಡಿ. ಉಳಿದ ಬಿಲ್ ನಿಮ್ಮ ಮರ್ಜಿ.

ಬಿಲ್ಲಿನ ಪ್ರತಿ, ಆ್ಯಪ್‌ನ ಸ್ಕ್ರೀನ್‌ಶಾಟ್, ಮೆನುವಿನ ಆ ಪುಟದ ಫೋಟೋ, ಪ್ರಥಮ ಚಿಕಿತ್ಸಾ ಕೇಂದ್ರದವರು ಬರೆದುಕೊಟ್ಟ ಚೀಟಿ ಲಗತ್ತಿಸಿದ್ದೇನೆ. ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಬರಲಿ. ಫೋನ್ ಮಾಡಬೇಡಿ, ನಾನು ತರಗತಿಯಲ್ಲಿರುತ್ತೇನೆ. ಬದನೆಕಾಯಿ ಡಿಪ್‌ನ ಗುರುತನ್ನು ಮಾತ್ರ ಹದಿನೈದು ದಿನ ಕಾಯದೆ ಇಂದೇ ಬದಲಿಸಿ, ನಾಳೆಯೂ ನಿಮ್ಮಲ್ಲಿಗೆ ಮಕ್ಕಳು ಬರುತ್ತಾರೆ.

ಇಂತಿ,
ಶನಿವಾರ ಮಧ್ಯಾಹ್ನ ಕಿಟಕಿ ಪಕ್ಕದ ಟೇಬಲ್‌ನಲ್ಲಿದ್ದ ಗಿರಾಕಿ