ಕಟ್ಟೆ ಮೇಲಿನ ಸೊಪ್ಪಿಗೆ ರೇಟ್ ಬೇಡ: ಪೋಷಕರಿಗೊಂದು ಪತ್ರ

ಎಲ್ಲಾ ಪೋಷಕರಿಗೂ ನಮಸ್ಕಾರ,

ಫೀಸ್ ವಿಷ್ಯ ಅಲ್ಲ, ಗಾಬರಿ ಬೇಡ. ನಮ್ಮ ಸ್ಕೂಲ್ ಟೆರೇಸ್ ಮೇಲಿನ ಕೈತೋಟದ ಬಗ್ಗೆ ಗ್ರೂಪಲ್ಲಿ ಚರ್ಚೆ ಜೋರಾಗಿದೆ, ಒಬ್ಬೊಬ್ಬರಿಗೇ ರಿಪ್ಲೈ ಮಾಡೋ ಬದಲು ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅಂತ ಬರೀತಿದೀನಿ. ಶನಿವಾರ ಸ್ಕೂಲ್ ಬಿಟ್ಟ ಮೇಲೆ ಗೇಟ್ ಪಕ್ಕದ ಕಟ್ಟೆ ಮೇಲೆ ಮಕ್ಕಳು ಬೆಳೆದ ಸೊಪ್ಪು ತರಕಾರಿ ಇಡ್ತೀವಲ್ಲ, ಬೇಕಾದೋರು ತಗೊಂಡು ಹೋಗ್ತೀರಲ್ಲ, ಅದನ್ನೇ ಕಟ್ಟಿಗೆ ಹತ್ತೋ ಇಪ್ಪತ್ತೋ ರೂಪಾಯಿ ಅಂತ ಮಾರಿದ್ರೆ ಸ್ಮಾರ್ಟ್ ಕ್ಲಾಸಿಗೆ ಪ್ರೊಜೆಕ್ಟರ್ ಆದ್ರೂ ಬರುತ್ತೆ ಅಂದಿದೀರಿ ಕೆಲವರು. ಒಳ್ಳೇ ಮನಸ್ಸಿಂದಾನೇ ಹೇಳಿದೀರಿ. ಆದ್ರೆ ಮಾರೋದು ಬೇಡ.

ರೇಟ್ ಅಂತ ಬಂದ್ರೆ ತಕ್ಕಡಿ ಬರುತ್ತೆ, ಲೆಕ್ಕದ ಪುಸ್ತಕ ಬರುತ್ತೆ, ಯಾವ ಸೆಕ್ಷನ್ ಎಷ್ಟು ದುಡೀತು ಅನ್ನೋ ಪೈಪೋಟಿ ಬರುತ್ತೆ, ಆಮೇಲೆ ಬೆಂಡೆಗೆ ಹುಳ ಬಿದ್ದ ಬ್ಯಾಚಿನ ಮಕ್ಕಳು ಮುಖ ಸಣ್ಣ ಮಾಡ್ಕೊಂಡು ಮೂಲೇಲಿ ನಿಲ್ತಾರೆ. ಸಂಕ್ರಾಂತೀಲಿ ಎಳ್ಳು ಬೀರೋವಾಗ ಯಾರಾದ್ರೂ ಡಬ್ಬಿ ತೂಕ ಹಾಕ್ತಾರಾ ಹೇಳಿ. ಇನ್ನೊಂದು ಮಾತು, ದುಡ್ಡು ಕೊಟ್ಟು ತಗೊಳ್ಳೋರು ಗೊತ್ತಿರೋ ಸೊಪ್ಪನ್ನೇ ತಗೊಳ್ತಾರೆ, ಗೊತ್ತಿಲ್ಲದ್ದು ಅಲ್ಲೇ ಬಾಡುತ್ತೆ.

ಪುಂಡಿ ಸೊಪ್ಪಿಂದೇ ನೋಡಿ. ರಾಯಚೂರು ಕಡೆಯಿಂದ ಕಟ್ಟಡದ ಕೆಲ್ಸಕ್ಕೆ ಬಂದಿರೋ ನಮ್ಮ ಒಬ್ರು ತಾಯಿ ಸೆರಗಿನ ತುದೀಲಿ ಬೀಜ ಗಂಟು ಹಾಕ್ಕೊಂಡು ಬಂದು ಕೊಟ್ಟಿದ್ರು, ಮಕ್ಕಳು ಎರಡು ಗ್ರೋ ಬ್ಯಾಗಲ್ಲಿ ಹಾಕಿದ್ರು, ಕೆಂಪು ದಂಟು ಬಂದು ಸೊಂಪಾಗಿ ಬೆಳೀತು. ಮೊದಲ ಸಲ ಕಟ್ಟೆ ಮೇಲಿಟ್ಟಾಗ ಇದೇನು ಕಳೆನಾ ಅಂತ ಯಾರೂ ಮುಟ್ಲಿಲ್ಲ. ಆಯಮ್ಮ ಅಲ್ಲೇ ನಿಂತಿದ್ರು, ಒಂದು ಎಲೆ ಕಿತ್ತು ಪಕ್ಕದವರ ಕೈಗೆ ಕೊಟ್ಟು "ತಿಂದು ನೋಡ್ರಿ, ಹುಳಿ ಐತಿ. ಕಡ್ಲಿಬ್ಯಾಳಿ, ಜ್ವಾಳದ ನುಚ್ಚು ಹಾಕಿ ಕುದಿಸಿ ಬಳ್ಳೊಳ್ಳಿ ಒಗ್ಗರಣಿ ಕೊಡ್ರಿ, ನುಚ್ಚು ಹಾಕಲಿಲ್ಲಂದ್ರ ರುಚಿನ ಬರೂದಿಲ್ರಿ" ಅಂದ್ರು. ಮುಂದಿನ ವಾರ ಪುಂಡಿನೇ ಮೊದ್ಲು ಖಾಲಿ! ಅಲ್ಲಿವರೆಗೂ ಪೇರೆಂಟ್ಸ್ ಮೀಟಿಂಗಲ್ಲಿ ಹಿಂದಿನ ಬೆಂಚಲ್ಲಿ ಕೂತು ಮಾತೇ ಆಡದೆ ಹೋಗ್ತಿದ್ದೋರು ಅವರು.

ಟೆರೇಸ್ ಗತಿ ಏನು, ಸೋರಲ್ವಾ ಅಂತಾನೂ ಕೇಳಿದೀರಿ. ಮಣ್ಣನ್ನ ನೇರ ಸುರಿದಿಲ್ಲ, ಎಲ್ಲಾ ಗ್ರೋ ಬ್ಯಾಗು, ಕೆಳಗೆ ಸ್ಟ್ಯಾಂಡ್ ಇದೆ, ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿರೋದ್ರಿಂದ ಭಾರಾನೂ ಕಮ್ಮಿ. ಬೆಂಗಳೂರಿಗೆ ಇದು ಹೊಸದೇನಲ್ಲ, ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ತಾರಸಿ ತೋಟದ ಪಾಠ ಹೇಳ್ಕೊಟ್ಟು ಎಷ್ಟೋ ಮನೆಗಳ ಮೇಲೆ ತರಕಾರಿ ಬೆಳೆಸಿದಾರೆ. ನೀರಿನ ವಿಷ್ಯದಲ್ಲಿ ಮಾತ್ರ ನಾನು ಸ್ಟ್ರಿಕ್ಟ್. 2024ರ ಬೇಸಿಗೇಲಿ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು, ನೆನಪಿದೆ ತಾನೇ? ಅದಕ್ಕೇ ನಮ್ಮಲ್ಲಿ ಗಿಡಕ್ಕೆ ಹೋಗೋದು ಮಕ್ಕಳು ಊಟಕ್ಕೆ ಮುಂಚೆ ಕೈ ತೊಳೆದ ನೀರು, ಅಡುಗೆಮನೇಲಿ ಅಕ್ಕಿ ತೊಳೆದ ನೀರು. ಮನೇಲಿ ಆರ್‌ಒ ಮಷಿನ್ ವೇಸ್ಟ್ ಅಂತ ಹೊರಗೆ ಬಿಡೋ ನೀರನ್ನ ದಿನಾ ಹಾಕ್ಬೇಡಿ, ಅದ್ರಲ್ಲಿ ಉಪ್ಪಿನಂಶ ಜಾಸ್ತಿ, ನೆಲ ಒರೆಸೋಕೆ ಆಗುತ್ತೆ ಅಷ್ಟೇ. ಡೆಂಗಿ ಸೀಸನ್ ಬೇರೆ, ಕುಂಡದ ಕೆಳಗಿನ ತಟ್ಟೇಲಿ ನೀರು ನಿಲ್ಲಿಸ್ಬೇಡಿ.

ನೀವು ಬೀಜ ಹಾಕಲಿ ಅಂತ ಇಟ್ಟಿರೋ ಡಬ್ಬಕ್ಕೆ ಎಲ್ಲಾ ಥರದ ಬೀಜಾನೂ ಬೀಳ್ತಿದೆ. ಬೆಂಡೇಲಿ ಅರ್ಕಾ ಅನಾಮಿಕದ ಥರದ, ಹೈಬ್ರಿಡ್ ಅಲ್ಲದ ತಳಿಯಾದ್ರೆ ಒಂದೆರಡು ಕಾಯಿ ಗಿಡದಲ್ಲೇ ಬಲಿಸಿ ಒಣಗಿಸಿ ಬೀಜ ಕೊಡಬಹುದು, ಮುಂದಿನ ಸಲಾನೂ ಹೆಚ್ಚುಕಮ್ಮಿ ಅದೇ ಬರುತ್ತೆ. ಅರ್ಕಾ ರಕ್ಷಕ್ ಟೊಮೇಟೊ ಹೈಬ್ರಿಡ್, ಅಂದ್ರೆ ಬೇರೆ ಬೇರೆ ತಳಿ ಕೂಡಿಸಿ ಮಾಡಿದ್ದು, ಅದರ ಹಣ್ಣಿಂದ ತೆಗೆದ ಬೀಜ ಹಾಕಿದ್ರೆ ಒಂದೊಂದು ಗಿಡ ಒಂದೊಂದು ಥರ ಬರುತ್ತೆ, ಪಾಪ ಮಗು ಕಾಯ್ಕೊಂಡು ಕೂತಿರುತ್ತೆ. ಪ್ಯಾಕೆಟ್ ಮೇಲೆ ಎಫ್1 ಅಂತಿದ್ರೆ ಅದು ಹೈಬ್ರಿಡ್ಡೇ, ಆ ಗಿಡದ ಬೀಜ ಡಬ್ಬಕ್ಕೆ ಹಾಕ್ಬೇಡಿ ಪ್ಲೀಸ್.

ಇನ್ನು ಕರಿಬೇವು. ಹೋದ ಶನಿವಾರ ಯಾರೋ ಇಡೀ ಕೊಂಬೇನೇ ಮುರ್ಕೊಂಡು ಹೋಗಿದಾರೆ. ಯಾರು ಅಂತ ಹುಡುಕೋಕೆ ಹೋಗಲ್ಲ, ಬಾಗಿಲಿಗೆ ಬೀಗಾನೂ ಹಾಕಲ್ಲ. ಒಗ್ಗರಣೆಗೆ ಎರಡು ಎಸಳು ಸಾಕಲ್ವಾ? ಮುರಿಯೋದು ಬೇಡ, ಕತ್ತರಿ ಅಲ್ಲೇ ನೇತು ಹಾಕಿದೀವಿ.

ಈಗ ಒಂದು ಕೆಲ್ಸ. ಈ ಮಳೇಲಿ ಅವರೆ ಹಾಕ್ತಿದೀವಿ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೇನೇ ಹೂ ಬಿಡೋದು, ಜಿಕೆವಿಕೆ (ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ) ಅವರ ಹೆಬ್ಬಾಳ ಅವರೆ 3, 4 ತಳಿಗಳಿಗೆ ಆ ಕಟ್ಟುಪಾಡಿಲ್ಲ, ಎರಡನ್ನೂ ಪಕ್ಕಪಕ್ಕ ಹಾಕಿ ಯಾವುದು ಯಾವಾಗ ಹೂ ಬಿಡುತ್ತೆ ಅಂತ ಏಳನೇ ಕ್ಲಾಸಿನವರು ಬರೆದಿಡ್ತಾರೆ. ಹೆಬ್ಬಾಳ ಅವರೆ ನಾವೇ ತರ್ತೀವಿ, ನಾಟಿ ಬೀಜ ನಿಮ್ಮ ಊರಿಂದ ಬರ್ಬೇಕು. ಮಾಗಡಿ, ಕೋಲಾರ, ಚಿಂತಾಮಣಿ ಕಡೆ ಹೋಗೋರು ಅಜ್ಜಿ ಹತ್ರ ಕೇಳಿ ಒಂದು ಹಿಡಿ ತನ್ನಿ, ಯಾವ ಊರಿಂದು ಅಂತ ಚೀಟೀಲಿ ಬರೆದು ಮಗು ಕೈಲಿ ಕಳ್ಸಿ. ಹಳೇ ಪೇಂಟ್ ಬಕೆಟ್ ಇದ್ರೆ ಚೆನ್ನಾಗಿ ತೊಳೆದು ತನ್ನಿ, ತಳಕ್ಕೆ ತೂತು ನಾವೇ ಹಾಕ್ಕೊಳ್ತೀವಿ.

ನಿಮ್ಮ,
ಹೆಡ್ ಮೇಡಂ