ಪಾಳಿ ನಮಗೆ ಬಿಡಿ, ಅಕ್ಕ

ದಾವಣಗೆರೆಯ ನಮ್ಮ ಆಪ್ತ ಸಮಾಲೋಚನೆಯ ಕೋಣೆಗೆ ಈ ವಾರ ಐದು ವರ್ಷ. ಸಂಗಾತಿ ಸಲಿಂಗಿ ಎಂದು ಮದುವೆಯಾದ ಮೇಲೆ ಗೊತ್ತಾದ ದಂಪತಿಗಳು ಬರುವ ಜಾಗ ಇದು. ಯಾರು ಬಂದರು, ಯಾರು ಕೂಡಿ ಉಳಿದರು, ಯಾರು ಬೇರೆಯಾದರು ಎಂಬುದು ಇಲ್ಲಿ ಬೇಡ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಮೊದಲು ಒಂದು ವರ್ಷ ಬೇರೆ ಇರಬೇಕು, ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು 2017ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮನ್ನಾ ಮಾಡಿಸಿಕೊಳ್ಳಲು ಅವಕಾಶವಿದೆ ಎಂದು ಫೀಸಿಲ್ಲದೆ ಬಿಡಿಸಿ ಹೇಳಿದ ವಕೀಲರಿಗೆ, ಸಲಿಂಗಿಗಳನ್ನು 'ಗುಣಪಡಿಸುವ' ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದಿದೆ ಎಂದು ಮನೆಯ ಹಿರಿಯರಿಗೆ ತಿಳಿಹೇಳಿದ ಮನೋವೈದ್ಯರಿಗೆ, ಎಚ್‌ಐವಿ ಪರೀಕ್ಷೆಗೆ ಗಂಡ ಹೆಂಡತಿ ಇಬ್ಬರನ್ನೂ ಕರೆದೊಯ್ದು ಮೂರು ತಿಂಗಳಿಗೆ ಮರೆಯದೆ ಮತ್ತೊಮ್ಮೆ ಕರೆದೊಯ್ದ ಹುಡುಗರಿಗೆ ನಮಸ್ಕಾರ.

ಮಿಕ್ಕಿದ್ದೆಲ್ಲ ನಮ್ಮ ನರ್ಸಕ್ಕನಿಗೆ.

ಶುರುವಿನಲ್ಲಿ ಇಬ್ಬರನ್ನೂ ಒಟ್ಟಿಗೇ ಕೂರಿಸುತ್ತಿದ್ದೆವು. ಒಬ್ಬರು ಅತ್ತು ಕ್ಷಮೆ ಕೇಳಿದರೆ ಇನ್ನೊಬ್ಬರು ಅದೇ ತಾಸಿನಲ್ಲಿ ಕ್ಷಮಿಸಬೇಕಾಗುತ್ತಿತ್ತು. ತಪ್ಪು ಹಿಡಿದವರು ಅಕ್ಕ. ಹೇಳುವವರು ಆ ಮಾತನ್ನು ಇಪ್ಪತ್ತು ವರ್ಷ ಹೊತ್ತಿರುತ್ತಾರೆ, ಕೇಳುವವರ ಕಿವಿಗೆ ಅದು ನಿನ್ನೆ ಬಿದ್ದಿರುತ್ತದೆ. ಹಾಗಾಗಿ ಈಗ ಮೊದಲು ಎರಡೆರಡು ಸಲ ಬೇರೆ ಬೇರೆ, ಆಮೇಲೆ ಜೊತೆಯಲ್ಲಿ. ಒಬ್ಬರ ಮಾತು ಇನ್ನೊಬ್ಬರಿಗೆ ದಾಟುವುದಿಲ್ಲ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಸುಮ್ಮನಿರುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡುತ್ತೇವೆ.

ಗುಟ್ಟು ಒಡೆಯುವುದು ಹೆಚ್ಚಾಗಿ ರಾತ್ರಿ, ಮೊಬೈಲ್ ಕೈಗೆ ಸಿಕ್ಕಾಗ. ಅಕ್ಕ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು ಮನೆಯಲ್ಲಿರುವ ಬೆಳೆಯ ಔಷಧಿಯ, ಅಂದರೆ ಕೀಟನಾಶಕದ ಬಗ್ಗೆ. ಮೆಕ್ಕೆಜೋಳ, ಅಡಿಕೆಯ ಊರುಗಳಲ್ಲಿ ಅದಿಲ್ಲದ ಮನೆ ಕಡಿಮೆ. ಅದು ಪಕ್ಕದ ಮನೆ ಸೇರಿದ ಮೇಲೆಯೇ ಮುಂದಿನ ಮಾತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆಸುತ್ತಿದ್ದರು. ಅತ್ತೆ ಮಾವನಿಗೆ, ತವರಿಗೆ ಆ ಹೊತ್ತಿನಲ್ಲಿ ಫೋನ್ ಮಾಡಗೊಡುತ್ತಿರಲಿಲ್ಲ. ನೆಂಟರ ಬಾಯಿಗೆ ಬಿದ್ದ ಮಾತನ್ನು ವಾಪಸ್ ತರಲಾಗುವುದಿಲ್ಲವಲ್ಲ. "ರಾತ್ರಿ ಯಾವ ನಿರ್ಧಾರಾನೂ ಬ್ಯಾಡ್ರಿ, ಬೆಳಕು ಹರೀಲಿ" ಎಂದು, ಆಮೇಲೆ ಮಾತಿಲ್ಲದೆ ಲೈನಿನಲ್ಲಿ ಇದ್ದುಬಿಡುತ್ತಿದ್ದರು. "ನನ್ನಲ್ಲಿ ಏನು ಕಡಿಮೆ ಇತ್ತು?" ಎಂದು ಹೆಂಡತಿ ಹತ್ತು ಸಲ ಕೇಳಿದರೂ ಹತ್ತು ಸಲವೂ ಅದೇ ತಾಳ್ಮೆಯ ಉತ್ತರ: "ಅದು ನಿಮ್ಮ ಲೆಕ್ಕದ್ದೇ ಅಲ್ಲ ರೀ."

ಒಂದು ರಾತ್ರಿ ಆ ಫೋನ್ ಎತ್ತುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಅಕ್ಕ ಎತ್ತಿದರು. ಎತ್ತದೆ ಇದ್ದಿದ್ದರೆ... ಬೇಡ, ಇದನ್ನು ಮುಂದೆ ಬರೆಯಲಾರೆವು.

ಈಗ ರಾತ್ರಿ ಪಾಳಿಗೆ ಇಬ್ಬರು: ಒಬ್ಬರು ಹೇಳಿದವರ ಜೊತೆ, ಒಬ್ಬರು ಕೇಳಿಸಿಕೊಂಡವರ ಜೊತೆ. ಅಕ್ಕ, ಈ ಶನಿವಾರ ಫೋನ್ ಆಫ್ ಮಾಡಿ ಮಲಗಿ.